ಕುಡುಕನ ಅಳತೆಯ ಕಾಲು

ಮರದ ಸಾಮಾನು ಮಾಡುವ ಆ ಕಾರ್ಖಾನೆಯಲ್ಲಿ ಅವನಿಗೆ ಒಂದೂವರೆ ಎಂದು ಹೆಸರು. ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲದ್ದರಿಂದ, ಲೆಕ್ಕದಲ್ಲಿ ಜಾಣನಾದ ಯಾವನೋ ಕೂಡಿ ಕಳೆದು ಇಟ್ಟ ಹೆಸರು ಅದು. ಲಾರಿಯಿಂದ ಇಳಿಸುವಾಗ ಉರುಳಿಬಿದ್ದ ದಿಮ್ಮಿಯೊಂದು ಆ ಕಾಲನ್ನು ಜಜ್ಜಿಹಾಕಿತ್ತು. ದಿಮ್ಮಿಗೆ ಏನೂ ಆಗಲಿಲ್ಲ. ಅದನ್ನು ಕೊಯ್ದು ದೊಡ್ಡದೊಂದು ಊಟದ ಮೇಜು ಮಾಡಿದರು. ಆಸ್ಪತ್ರೆಯಿಂದ ಬಂದ ಮೇಲೆ ಅದಕ್ಕೆ ಪಾಲಿಷ್ ಹೊಡೆದವನೂ ಒಂದೂವರೆಯೇ, ಏಕೆಂದರೆ ಅಂಥ ಹೊಳಪು ಬೇರೆ ಯಾರ ಕೈಗೂ ಬರುತ್ತಿರಲಿಲ್ಲ.

ಕಾಲು ಹೋದ ಮೇಲೆ ಅವನಿಗೆ ಎರಡು ಕೊಡುಗೆಗಳು ಸಿಕ್ಕಿದವು. ಒಂದು, ಸಾವ್ಕಾರರು ಕೊಡಿಸಿದ ಕೃತಕ ಕಾಲು. ಇನ್ನೊಂದು, ಊರವರೆಲ್ಲ ಸೇರಿ ಕೊಡಿಸಿದ ‘ಪಾಪ’. ಮೊದಲನೆಯದನ್ನು ಮಲಗುವಾಗ ಬಿಚ್ಚಿ ಗೋಡೆಗೆ ಒರಗಿಸಬಹುದಿತ್ತು. ಎರಡನೆಯದು ಒಮ್ಮೆ ಹಾಕಿದರೆ ಬಿಚ್ಚಲು ಬರುತ್ತಿರಲಿಲ್ಲ.

ಈ ಪಾಪ ಎನ್ನುವುದು ಬಹಳ ವಿಚಿತ್ರವಾದ ಸರಕು. ಎರಡು ಕಾಲಿನವನು ಕುಡಿದರೆ ಅವನು ಕುಡುಕ, ಮನೆಹಾಳ, ಹೆಂಡತಿಯನ್ನು ಬೀದಿಗೆ ನಿಲ್ಲಿಸಿದವನು. ಒಂದೂವರೆ ಕಾಲಿನವನು ಕುಡಿದರೆ, “ಪಾಪ, ಕುಡೀಲಿ ಬಿಡ್ರಿ, ಅವನಿಗೆ ಇನ್ನೇನಿದೆ?” ಅವನಿಗೆ ಇನ್ನೇನಿದೆ ಎಂದು ಕೇಳಿದವರಲ್ಲಿ ಒಬ್ಬರಾದರೂ ಉತ್ತರಕ್ಕೆ ಕಾದಿದ್ದರೆ ಹೇಳಬಹುದಿತ್ತು. ಹೆಂಡತಿ ಇದ್ದಳು, ಕೈಯಲ್ಲಿ ಕಸುಬು ಇತ್ತು, ಬಲಗಾಲಂತೂ ಇಡಿಯಾಗಿ ಇತ್ತು. ಆದರೆ ಕೇಳಿದವರು ಅಷ್ಟರಲ್ಲಿ ಲೋಟಕ್ಕೆ ಸುರಿದು ಮುಗಿಸಿರುತ್ತಿದ್ದರು.

ಕಾರ್ಖಾನೆಯ ಬೀದಿಯ ಕೊನೆಯಲ್ಲಿದ್ದ ಬಾರಿನಲ್ಲಿ ಬಾಗಿಲ ಪಕ್ಕದ ಬೆಂಚು ಇಂಥವರಿಗೇ ಮೀಸಲು. ಕುರ್ಚಿಗೆ ಬೆತ್ತ ಹೆಣೆಯುವ ಕುರುಡ, ಯಂತ್ರಕ್ಕೆ ಬೆರಳು ಕೊಟ್ಟು ಬಂದ ಲೇತಿನವನು, ಗಾಲಿಕುರ್ಚಿಯ ಟೈಪಿಸ್ಟು, ಅವರ ಪಕ್ಕದಲ್ಲಿ ಒಂದೂವರೆ. ಗಾಲಿಕುರ್ಚಿ ಸಲೀಸಾಗಿ ಒಳಗೆ ಬರಲೆಂದು ಬಾರಿನವನು ಮೆಟ್ಟಿಲು ಒಡೆಸಿ ಇಳಿಜಾರು ಕಟ್ಟಿಸಿದ್ದ, ಕೈಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದ. ಅಂಥ ಇಳಿಜಾರು ಆ ಊರಿನ ಆಸ್ಪತ್ರೆಗೆ ಇರಲಿಲ್ಲ, ಶಾಲೆಗೆ ಇರಲಿಲ್ಲ, ಅಂಗವಿಕಲರ ಕಲ್ಯಾಣದ ಕಚೇರಿಗೆ ಮೊದಲೇ ಇರಲಿಲ್ಲ. ಅವರ ಏಳಿಗೆಗಾಗಿ ಸಿಮೆಂಟು ಕಲಸಿದ ಏಕೈಕ ಮಹಾನುಭಾವ ಬಾರಿನವನು. ಸಂಜೆ ಬಂದ ಗಿರಾಕಿಗಳು ಬೆಂಚಿನವರಿಗೆ ಒಂದು ಸುತ್ತು ಕುಡಿಸಿ, ಪುಣ್ಯ ಕಟ್ಟಿಕೊಂಡು, ಆಮೇಲೆ ತಮ್ಮ ಮೇಜಿಗೆ ಹೋಗುತ್ತಿದ್ದರು. ಬೆಂಚಿನವರು ಬೇಡ ಎನ್ನುವಂತಿರಲಿಲ್ಲ. ಬೇಡ ಎಂದರೆ, “ಈ ಸ್ಥಿತೀಲೂ ಸೊಕ್ಕು ನೋಡು” ಎನ್ನಿಸಿಕೊಳ್ಳಬೇಕಾಗಿತ್ತು.

ದಾನಿಗಳಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ಕಾರ್ಖಾನೆಯ ಮೇಸ್ತ್ರಿ. ಮೇಸ್ತ್ರಿ ಎಂದರೆ ಒಂದೂವರೆಯ ಹೆಂಡತಿಯ ಒಡಹುಟ್ಟಿದ ಅಣ್ಣ. ತಂಗಿಯ ಗಂಡನ ದುಃಖವನ್ನು ಕಣ್ಣಾರೆ ನೋಡಲಾರದೆ ದಿನವೂ ಜೊತೆಗೆ ಕೂತು ಕುಡಿಯುತ್ತಿದ್ದ. ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಒಂದಷ್ಟು ಇಳಿಸುವ ಅಭ್ಯಾಸವೂ ಅವನಿಗಿತ್ತು. ಆದರೆ ಎಷ್ಟೇ ಇಳಿಸಿದರೂ ಅವನ ನಡಿಗೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಆ ನಡಿಗೆಯೇ ಅವನ ಆಸ್ತಿ.

ಆಸ್ತಿ ಎನ್ನಲು ಕಾರಣವಿದೆ. ಸಾವ್ಕಾರರಿಗೆ ಕುಡಿದು ಕೆಲಸಕ್ಕೆ ಬರುವವರನ್ನು ಕಂಡರೆ ಆಗುತ್ತಿರಲಿಲ್ಲ. ಬೇರೆ ಕಾರ್ಖಾನೆಯಾದರೆ ಬಾಗಿಲಲ್ಲಿ ನಿಂತು ಬಾಯಿಯ ವಾಸನೆ ನೋಡಿಬಿಡಬಹುದು. ಇಲ್ಲಿ ಅದು ಆಗದ ಮಾತು. ಪಾಲಿಷ್ ಎಂದರೆ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯುಂಡೆಯ ಮೇಲೆ ಬಟ್ಟೆ ಸುತ್ತಿ, ಅದರಲ್ಲಿ ಅದ್ದಿ ದಿನವಿಡೀ ಮರವನ್ನು ತಿಕ್ಕುವುದು. ತಿಕ್ಕಿದವನ ಅಂಗಿ, ತಲೆಗೂದಲು, ಉಸಿರು ಎಲ್ಲವೂ ಸ್ಪಿರಿಟ್ಟೇ. ಒಂದು ಗುಟುಕೂ ಕುಡಿಯದ ಕ್ಯಾಷಿಯರ್ ಕೂಡ ಮನೆಗೆ ಹೋದರೆ ಬೈಸಿಕೊಳ್ಳುತ್ತಿದ್ದ. ಆದ್ದರಿಂದ ಸಾವ್ಕಾರರು ಬುದ್ಧಿ ಓಡಿಸಿ ಬೇರೆ ಪರೀಕ್ಷೆ ಕಂಡುಹಿಡಿದಿದ್ದರು. ಬಡಗಿಗಳು ಹಲಗೆ ಕೊಯ್ಯುವ ಮೊದಲು ಬಣ್ಣದ ಪುಡಿ ಸವರಿದ ದಾರವನ್ನು ಬಿಗಿಯಾಗಿ ಎಳೆದು, ಟಪ್ಪೆಂದು ಬಡಿದು ನೇರ ಗೆರೆ ಮೂಡಿಸುತ್ತಾರಲ್ಲ, ಅದೇ ದಾರದಿಂದ ಬೆಳಿಗ್ಗೆ ಬೆಳಿಗ್ಗೆ ನೆಲದ ಮೇಲೆ ಗೇಟಿನಿಂದ ಸಾವ್ಕಾರರ ಮೇಜಿನವರೆಗೆ ನೀಲಿ ಗೆರೆ ಬೀಳುತ್ತಿತ್ತು. ಎಲ್ಲರೂ ಅದರ ಮೇಲೆ ನಡೆದು ಬರಬೇಕು. ಗೆರೆ ತಪ್ಪದವನು ಒಳಗೆ, ತಪ್ಪಿದವನು ಹೊರಗೆ. ದಾರ ಬಡಿಯುವ ಗೌರವ ಮೇಸ್ತ್ರಿಯದು. ಬಡಿದು ಮೊದಲು ನಡೆಯುವವನೂ ಅವನೇ, ಹೊಟ್ಟೆಯಲ್ಲಿ ಬೆಳಗಿನ ಪಾಲು ಇಟ್ಟುಕೊಂಡು, ದಾರಕ್ಕಿಂತ ನೆಟ್ಟಗೆ.

ಒಂದೂವರೆಯೂ ಆಗ ಚೆನ್ನಾಗಿಯೇ ನಡೆಯುತ್ತಿದ್ದ. ಹಿಂದಿನ ಸಂಜೆಯದು ಪೂರ್ತಿ ಇಳಿದಿರುತ್ತಿರಲಿಲ್ಲ, ಆದರೂ ಗೆರೆಯ ಮೇಲೆ ಟಕ್ಕು ಟಕ್ಕೆಂದು ಬರುತ್ತಿದ್ದ. “ನೋಡ್ರಯ್ಯಾ, ಮನುಷ್ಯ ಅಂದ್ರೆ ಹೀಗೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು” ಎಂದು ಸಾವ್ಕಾರರು ಉಳಿದವರಿಗೆ ತೋರಿಸುತ್ತಿದ್ದರು. ಕಾಲು ಕೊಡಿಸಿದ್ದು ತಾವು ಎಂಬುದನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮರೆಯಲಿಕ್ಕೂ ಬಿಡುತ್ತಿರಲಿಲ್ಲ.

ಈಗ ಆ ಕಾಲಿನ ವಿಚಾರ ಸ್ವಲ್ಪ ಹೇಳಬೇಕು. ಮೋಟುಗಾಲಿಗೆ ಪ್ಲಾಸ್ಟರು ಮೆತ್ತಿ ಅಚ್ಚು ತೆಗೆದು, ಆ ಅಚ್ಚಿಗೆ ತಕ್ಕ ಹಾಗೆ ಗಟ್ಟಿಯಾದ ಬಟ್ಟಲು ಮಾಡುತ್ತಾರೆ. ಬಟ್ಟಲಿನ ಕೆಳಗೆ ಕೊಳವೆ, ಅದರ ಕೆಳಗೆ ಪಾದ. ಮೋಟುಗಾಲು ಬಟ್ಟಲಿನಲ್ಲಿ ಬಿಗಿಯಾಗಿ ಕೂತರೆ ನಡಿಗೆ, ಇಲ್ಲದಿದ್ದರೆ ಪಜೀತಿ. ಒಂದೂವರೆಯ ಅಚ್ಚು ತೆಗೆಯುವ ಹೊತ್ತಿಗೆ ಅವನು ಬಾರಿನ ಬೆಂಚಿನಲ್ಲಿ ವರ್ಷದ ಮೇಲೆ ಕೂತಾಗಿತ್ತು. ಮುಖ ಊದಿತ್ತು, ಹೊಟ್ಟೆ ಊದಿತ್ತು, ಮೋಟುಗಾಲೂ ನಾದಿಟ್ಟ ಹಿಟ್ಟಿನ ಹಾಗೆ ಉಬ್ಬಿಕೊಂಡಿತ್ತು. ಬಟ್ಟಲು ಆ ಉಬ್ಬಿಗೆ ಸರಿಯಾಗಿ ಬಂತು. ಕುಡುಕನ ಅಳತೆ ಕೊಟ್ಟು ಮಾಡಿಸಿದ ಕಾಲು ಅದು. ಆಗ ಇದು ಯಾರಿಗೂ ಹೊಳೆಯಲಿಲ್ಲ.

ಒಂದು ಸಂಜೆ ಬಾರಿನಲ್ಲಿ ಸೆಖೆ ಎಂದು ಕಾಲು ಬಿಚ್ಚಿ ಬೆಂಚಿನ ಕೆಳಗೆ ಇಟ್ಟ ಒಂದೂವರೆ ಅದನ್ನು ಅಲ್ಲೇ ಮರೆತ. ಮೇಸ್ತ್ರಿ ಅವನನ್ನು ಹಲಗೆ ಸಾಗಿಸುವ ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದು ಮನೆಯ ಮುಂದೆ ಇಳಿಸಿದ. ಭಾವಮೈದುನನನ್ನು ಇಳಿಸಿದವನಿಗೆ ಕಾಲಿನ ನೆನಪಾಗಲಿಲ್ಲ. ಬೆಳಿಗ್ಗೆ ಕಾಲು ತರಲು ಹೆಂಡತಿ ಹೋದಳು. ಅವಳದು ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಲ್ಲಿ ಕೆಲಸ. ಬೀದಿಯವರ ಅಂಗಿಯ ಒಳಗಿನ ಕೊಳೆಯೆಲ್ಲ ಗೊತ್ತಿದ್ದರೂ ಯಾರ ಬಗ್ಗೆಯೂ ತುಟಿ ಬಿಚ್ಚದ ಹೆಂಗಸು. ಬೂಟು ಸಮೇತ ಇದ್ದ ಆ ಕಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಹಾಡುಹಗಲು ಬೀದಿಯುದ್ದಕ್ಕೂ ನಡೆದು ಬಂದಳು. ಶಾಲೆಗೆ ಹೋಗುವ ಮಕ್ಕಳು ಹಿಂದೆ ಬಂದರು. ಒಂದಿಬ್ಬರು ಗಂಡಸರು, ಪಾಪ, ನಕ್ಕರು.

ಅವಳು ಕಾಲನ್ನು ತೊಳೆದು, ಒರೆಸಿ, ಅವನ ಮುಂದೆ ನಿಲ್ಲಿಸಿದಳು.

“ಇದನ್ನ ತರೋಕೆ ಇನ್ನೊಂದು ಸಲ ನಾನು ಹೋಗಲ್ಲ ರೀ. ನಾನು ಈ ಮನೆಯಿಂದ ಹೊರಟ್ರೆ ನಮ್ಮಮ್ಮನ ಮನೆಗೇ ಹೋಗೋದು.”

ಅವಳು ಕೂಗಾಡಿದ್ದರೆ ಅವನು ತಿರುಗಿ ಕೂಗಾಡುತ್ತಿದ್ದನೋ ಏನೋ. ಅವಳು ಕೂಗಾಡಲಿಲ್ಲ. ಅವನು ಅವತ್ತೇ ಕುಡಿತ ಬಿಟ್ಟ.

ಬಿಡುವುದು ಎಂದರೆ ಹೇಳಿದಷ್ಟು ಸುಲಭವಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಕೊಟ್ಟ ಮಾತ್ರೆ ನುಂಗಿಯೂ ಅವನು ಮೊದಲ ದಿನಗಳಲ್ಲಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿದ. ಕೈ ನಡುಗಿ ನೀರಿನ ಲೋಟ ಅರ್ಧ ಎದೆಯ ಮೇಲೆ ಚೆಲ್ಲುತ್ತಿತ್ತು. ಇಲ್ಲದ ಪಾದದ ಇಲ್ಲದ ಬೆರಳುಗಳು ಯಾರೋ ತಿರುಚಿದ ಹಾಗೆ ನೋಯುತ್ತಿದ್ದವು. ಕುಡಿಯುತ್ತಿದ್ದಾಗ ಆ ಬೆರಳುಗಳು ಅಷ್ಟು ಸದ್ದು ಮಾಡುತ್ತಿರಲಿಲ್ಲ. ಕಾರ್ಖಾನೆಯಲ್ಲಿ ದಿನವಿಡೀ ಮೂಗಿನ ಬುಡದಲ್ಲೇ ಸ್ಪಿರಿಟ್ಟು ಬೇರೆ. ಹಸಿದವನನ್ನು ಅಡುಗೆಮನೆಯಲ್ಲಿ ಕೂಡಿಹಾಕಿ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ ಇತ್ತು ಅವನ ಪಾಡು. ಆದರೂ ಹಲ್ಲುಕಚ್ಚಿ ತಡೆದ. ವಾರಗಳು ಕಳೆದಂತೆ ಕೈಯ ನಡುಕ ನಿಂತಿತು, ಮುಖದ ಊತ ಇಳಿದು ಕೆನ್ನೆಯ ಮೂಳೆ ಕಂಡಿತು, ಕಣ್ಣಿನ ಕೆಂಪು ಹೋಯಿತು.

ಬೆಂಚಿನ ಗೆಳೆಯರಿಗೆ ಬೇಸರವಾಯಿತು. ಮೇಸ್ತ್ರಿಗಂತೂ ಅವಮಾನವೇ ಆಯಿತು. ಅವನು ತಂಗಿಯ ಹತ್ತಿರ ಬಂದು, “ಬಿಟ್ಟಿದ್ದೀನಿ ಅಂತಾನಲ್ಲ, ಮೈಯಲ್ಲಿ ಏನೋ ರೋಗ ಇರಬೇಕು, ತೋರಿಸು” ಎಂದು ಹೇಳಿಹೋದ.

ರೋಗ ಇದ್ದದ್ದು ಕಾಲಿನಲ್ಲಿ. ಮುಖದ ಊತ ಇಳಿದ ಹಾಗೇ ಮೋಟುಗಾಲಿನ ಊತವೂ ಇಳಿಯಿತು. ಬಟ್ಟಲು ಮಾತ್ರ ಇದ್ದಷ್ಟೇ ಇತ್ತು. ಮೊದಲು ಒಂದು ಸಾಕ್ಸ್ ಹಾಕಿ ಕಾಲು ತೊಡುತ್ತಿದ್ದವನು ಎರಡು ಹಾಕಿದ, ಆಮೇಲೆ ಕೈಗೆ ಸಿಕ್ಕಿದ ಸಾಕ್ಸುಗಳನ್ನೆಲ್ಲ ಹಾಕಿದ, ಅದರ ಮೇಲೆ ಹೆಂಡತಿಯ ಹಳೆಯ ಶಾಲಿನ ತುಂಡು ಸುತ್ತಿದ. ತುರುಕಿದಷ್ಟೂ ಒಂದು ಕಡೆ ಒತ್ತುತ್ತಿತ್ತು, ಇನ್ನೊಂದು ಕಡೆ ಅಲ್ಲಾಡುತ್ತಿತ್ತು. ಹೆಜ್ಜೆ ಎತ್ತಿದರೆ ಕಾಲು ಅರೆಗಳಿಗೆ ತಡವಾಗಿ ಏಳುತ್ತಿತ್ತು. ಊರಿದರೆ ಪಾದ ತನಗೆ ಬೇಕಾದ ಕಡೆ ತಿರುಗಿ ಕೂರುತ್ತಿತ್ತು. ಅವನು ಬಾಗಿಲಿಗೆ ಹೊರಟರೆ ಅದು ಕಿಟಕಿಗೆ ಹೊರಡುತ್ತಿತ್ತು. ಕುಡಿಯುತ್ತಿದ್ದಾಗ ನೆಟ್ಟಗೆ ನಡೆಯುತ್ತಿದ್ದ ಮನುಷ್ಯ ಕುಡಿಯುವುದನ್ನು ಬಿಟ್ಟು ತೂರಾಡತೊಡಗಿದ.

ಇದಕ್ಕಿಂತ ರಸವತ್ತಾದ ಸುದ್ದಿ ಆ ಬೀದಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ. ಒಂದೂವರೆ ಕುಡಿಯುತ್ತಿದ್ದಾಗ ಅವನನ್ನು ಕುಡುಕ ಎನ್ನದ ಬಾಯಿಗಳು ಈಗ ಒಂದೇ ಸಮನೆ ಶುರುಮಾಡಿದವು. “ಬಿಟ್ಟೆ ಬಿಟ್ಟೆ ಅಂತಾನೆ, ಕದ್ದು ಕುಡೀತಾನೆ.” “ಬಾರಿಗೆ ಬರ್ತಿದ್ದಾಗ ಒಂದು ಮಿತಿ ಇತ್ತು, ಈಗ ಮನೇಲೇ ಏನೋ ಇಟ್ಕೊಂಡಿದಾನೆ.” ಅವನು ಯಾರಿಗಾದರೂ ಬಟ್ಟಲಿನ ವಿಷಯ ವಿವರಿಸಲು ಹೊರಟರೆ ಅವರು ಕನಿಕರದಿಂದ ತಲೆಯಾಡಿಸಿ, ಮೂಗನ್ನು ಮೆಲ್ಲಗೆ ಮುಂದೆ ತಂದು ವಾಸನೆ ನೋಡುತ್ತಿದ್ದರು. ವಾಸನೆ ಇದ್ದೇ ಇರುತ್ತಿತ್ತಲ್ಲ, ಅವನದು ಪಾಲಿಷ್ ಕೆಲಸ.

ಗೆರೆಯ ಮೇಲೆ ಒಂದು ಬೆಳಿಗ್ಗೆ ಅವನು ತಪ್ಪಿದ. ಇನ್ನೊಂದು ಬೆಳಿಗ್ಗೆ ಬಿದ್ದೇಬಿಟ್ಟ. ಸಾವ್ಕಾರರು ಅವನನ್ನು ಮೇಜಿನ ಮುಂದೆ ನಿಲ್ಲಿಸಿಕೊಂಡರು.

“ನಿನಗೆ ಕಾಲು ಕೊಡಿಸಿದ್ದು ಯಾತಕ್ಕೆ? ನಡೆಯೋಕೆ. ತೂರಾಡೋಕಲ್ಲ.”

“ಸಾವ್ಕಾರ್ರೆ, ನಾನು ಕುಡಿಯೋದು ಬಿಟ್ಟಿದ್ದಕ್ಕೇ ತೂರಾಡ್ತಿರೋದು. ಮೈ ಇಳಿದಿದೆ, ಕಾಲು ದೊಡ್ಡದಾಗಿದೆ.”

ಸಾವ್ಕಾರರು ತಮ್ಮ ಆಯಸ್ಸಿನಲ್ಲಿ ಕುಡುಕರಿಂದ ನಾನಾ ನಮೂನೆಯ ನೆಪಗಳನ್ನು ಕೇಳಿದ್ದರು. ಇಂಥದ್ದು ಕೇಳಿರಲಿಲ್ಲ.

“ಮರದ ಸಾಮಾನಿನ ವ್ಯಾಪಾರ ಮಾಡೋನು ನಾನು. ಮನುಷ್ಯ ಇಳೀತಾನೆ, ಕಾಲು ಬೆಳೆಯುತ್ತೆ ಅಂತ ನನಗೇ ಹೇಳ್ತೀಯಾ? ಸೋಮವಾರ ಎಲ್ಲರ ಎದುರಿಗೆ ಗೆರೆ ಮೇಲೆ ಬಾ. ಬಂದ್ರೆ ಕೆಲಸ ಇದೆ. ತಪ್ಪಿದ್ರೆ ಹಾಗೇ ಗೇಟಿನಿಂದ ಆಚೆ ಹೋಗು. ನಾನೂ ಎಷ್ಟು ದಿನ ಅಂತ ಪಾಪ ಅನ್ನಲಿ?”

ಮನೆಯಲ್ಲಿ ಹೆಂಡತಿಗೆ ಹೇಳಿದ. ಅವಳು ಇಸ್ತ್ರಿಯಾದ ಬಟ್ಟೆ ಮಡಿಸುತ್ತಿದ್ದಳು. ಮಡಿಸುತ್ತಲೇ ಕೇಳಿದಳು. ಕೊನೆಗೆ ಅವನ ಹತ್ತಿರ ಬಂದು, ಕುತ್ತಿಗೆಯ ಹತ್ತಿರ ಮೂಗಿಟ್ಟು ಉಸಿರೆಳೆದುಕೊಂಡಳು. ಸ್ಪಿರಿಟ್ಟು. ಮದುವೆಯಾದ ದಿನದಿಂದ ಅವನ ಮೈಯಲ್ಲಿ ಇದ್ದದ್ದು ಅದೇ ವಾಸನೆ, ಕುಡಿಯುವ ಮೊದಲೂ, ಕುಡಿಯುವಾಗಲೂ, ಈಗಲೂ.

“ಕುಡೀತಿದ್ದಾಗ ನೆಟ್ಟಗೆ ನಡೀತಿದ್ರಿ, ಬಿಟ್ಟ ಮೇಲೆ ತೂರಾಡ್ತೀರಿ. ಇದನ್ನ ಯಾರು ನಂಬ್ತಾರೆ?”

“ಬೇರೆಯವರು ಸಾಯ್ಲಿ. ನೀನು ನಂಬ್ತೀಯಾ?”

ಅವಳು ಒಂದು ಅಂಗಿಯ ಕಾಲರನ್ನು ಎರಡು ಸಲ ಮಡಿಸಿ ಬಿಚ್ಚಿದಳು. “ನನಗೂ ನಂಬಿ ನಂಬಿ ಸಾಕಾಗಿದೆ ರೀ. ಸೋಮವಾರ ಕೆಲಸ ಉಳಿಸ್ಕೊಂಡು ಬನ್ನಿ. ಇಲ್ಲ ಅಂದ್ರೆ ನಾನು ನಮ್ಮಮ್ಮನ ಮನೆಗೆ ಹೊರಡ್ತೀನಿ.”

ಅವನಿಗೆ ಅಳು ಬಂತು. ಕುಡಿಯುತ್ತಿದ್ದ ದಿನಗಳಲ್ಲಿ ಹೇಳಿದ ಅಷ್ಟೂ ಸುಳ್ಳುಗಳನ್ನು ನಂಬಿದವಳು ಅವನ ಮೊದಲನೇ ನಿಜವನ್ನು ನಂಬಲಿಲ್ಲ. ತಪ್ಪು ಅವಳದಲ್ಲ ಎಂದು ಗೊತ್ತಿತ್ತು, ಅದರಿಂದ ನೋವು ಇನ್ನೂ ಹೆಚ್ಚಾಯಿತು.

ಮರುದಿನವೇ ಅವನು ಕಾಲು ಮಾಡಿಕೊಡುವ ಕೇಂದ್ರಕ್ಕೆ ಹೋದ. ಕಾಲಿಲ್ಲದವರಿಗೆ ಕಾಲು ಕೊಡುವ ಆ ಕೇಂದ್ರ ಮೊದಲನೇ ಮಹಡಿಯಲ್ಲಿ ಇತ್ತು. ಕಟ್ಟಿದವನಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಕೈಗಂಬಿ ಇಲ್ಲದ ಮೆಟ್ಟಿಲುಗಳನ್ನು ಕೂತು ಕೂತು ಹತ್ತಿ ಮೇಲೆ ಹೋದರೆ, ಅಳತೆಯವನು ಬಟ್ಟಲಿನೊಳಗೆ ಬೆರಳಾಡಿಸಿ, ಒಂದೂವರೆ ಹೇಳಿದ್ದನ್ನೆಲ್ಲ ಕೇಳಿ, ಒಂದೇ ಏಟಿಗೆ ನಂಬಿದ.

“ಹೌದು, ಕುಡಿಯೋದು ಬಿಟ್ರೆ ಹೀಗೇ ಆಗುತ್ತೆ. ಹೊಸ ಬಟ್ಟಲು ಬೇಕು.”

ಊರಿನಲ್ಲಿ ತನ್ನನ್ನು ನಂಬಿದ ಮೊದಲ ಮನುಷ್ಯನನ್ನು ಒಂದೂವರೆ ತಬ್ಬಿಕೊಳ್ಳುವುದೊಂದು ಬಾಕಿ. “ಇವತ್ತೇ ಅಚ್ಚು ತೆಗೀತೀರಾ?”

“ಇವತ್ತಾ? ಆರು ತಿಂಗಳು ಬಿಟ್ಟು ಬನ್ನಿ.”

“ಆರು ತಿಂಗಳು ಯಾಕೆ ಸ್ವಾಮಿ?”

“ನಿಮ್ಮಂಥೋರು ಎಷ್ಟು ಜನ ಬಂದು ಹೋಗಿಲ್ಲ? ಬಿಟ್ಟಿದ್ದೀವಿ ಅಂತ ಬರ್ತೀರಿ. ನಾವು ಸಣ್ಣ ಬಟ್ಟಲು ಮಾಡ್ತೀವಿ. ಮುಂದಿನ ತಿಂಗಳು ಮತ್ತೆ ಶುರು ಮಾಡ್ತೀರಿ, ಊದ್ಕೋತೀರಿ, ಬಟ್ಟಲು ಹಿಡಿಯಲ್ಲ ಅಂತ ಬಂದು ನಮ್ಮನ್ನೇ ಬೈತೀರಿ. ಆರು ತಿಂಗಳು ಕುಡೀದೆ ಇದ್ದು ತೋರಿಸಿ, ಕಾಲು ಕೊಡ್ತೀವಿ.”

“ಈ ಕಾಲಲ್ಲಿ ಆರು ತಿಂಗಳು ನಾನು ಹೇಗೆ ನಡೀಲಿ?”

“ಅದು ನೀವು ಬಿಡೋಕೆ ಮುಂಚೆ ಯೋಚನೆ ಮಾಡಬೇಕಾಗಿತ್ತು” ಎಂದು ಅಳತೆಯವನು ಮುಂದಿನವನನ್ನು ಕರೆದ. ಮೆಟ್ಟಿಲುಗಳನ್ನು ಒಂದೂವರೆ ಮತ್ತೆ ಕೂತು ಕೂತು ಇಳಿದ.

ಶನಿವಾರ ಮಧ್ಯಾಹ್ನ ಹೆಂಡತಿ ಅಂಗಡಿಗೆ ಹೋಗಿದ್ದಾಗ ಮೇಸ್ತ್ರಿ ಮನೆಗೆ ಬಂದ. ಬಗಲಲ್ಲಿ ಪೇಪರು ಸುತ್ತಿದ ಬಾಟಲಿ. ಮೇಜಿನ ಮೇಲೆ ಇಟ್ಟು, ಆತ್ಮೀಯತೆಯಿಂದ ಕುರ್ಚಿ ಹತ್ತಿರ ಎಳೆದುಕೊಂಡು ಕೂತ.

“ನೋಡಪ್ಪಾ, ನಾನು ಯೋಚನೆ ಮಾಡಿದೀನಿ. ನೀನು ಹೇಳೋದು ನಿಜಾನೇ ಇರಬಹುದು. ಹಾಗಿದ್ರೆ ದಾರಿ ಸುಲಭ. ಇವತ್ತು, ನಾಳೆ ಎರಡು ದಿನ ಗಟ್ಟಿಯಾಗಿ ತಗೋ. ಊದ್ಕೋತೀಯ. ಬಟ್ಟಲು ಬಿಗಿಯಾಗುತ್ತೆ. ಸೋಮವಾರ ರಾಜನ ಹಾಗೆ ನಡೀತೀಯ. ಕೆಲಸ ಉಳಿಯುತ್ತೆ. ಆಮೇಲೆ ಬಿಟ್ರೆ ಆಯ್ತು, ಯಾರು ಬೇಡ ಅಂದ್ರು?”

“ಎರಡು ದಿನದಲ್ಲಿ ಅಷ್ಟು ಊದಲ್ಲ ಭಾವ.”

“ನೀನು ಪ್ರಯತ್ನ ಮಾಡ್ದೇ ಹೇಳಿದ್ರೆ ಹೇಗೆ?” ಎಂದು ಮೇಸ್ತ್ರಿ ಬೇಸರ ಮಾಡಿಕೊಂಡು, ಬಾಟಲಿಯನ್ನು ಬಿಟ್ಟು ಎದ್ದುಹೋದ.

ಬಾಟಲಿಯ ಎದುರು ಒಂದೂವರೆ ಕೂತ. ಅವನಿಗೆ ಬೇಕಿತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ನಾಲಿಗೆಗೆ ಬೇಕಿತ್ತು, ಕೈಗೆ ಬೇಕಿತ್ತು, ಇಲ್ಲದ ಬೆರಳುಗಳಿಗೂ ಬೇಕಿತ್ತು. ಒಮ್ಮೆ ಮುಚ್ಚಳ ತಿರುಗಿಸಿದ್ದೂ ನಿಜ. ಅವನನ್ನು ತಡೆದದ್ದು ಯಾವ ದೊಡ್ಡ ಆದರ್ಶವೂ ಅಲ್ಲ, ಒಂದು ಲೆಕ್ಕ. ಕುಡಿದರೆ ಕಾಲು ಸರಿಯಾಗುತ್ತದೆ. ಕಾಲು ಸರಿಯಾದರೆ ಸಾವ್ಕಾರರು ಬೆನ್ನು ತಟ್ಟುತ್ತಾರೆ, ಬೀದಿ ಬಾಯಿ ಮುಚ್ಚುತ್ತದೆ, ಹೆಂಡತಿ ಉಳಿಯುತ್ತಾಳೆ. ಅಂದರೆ ಅವನು ಕುಡಿದ ದಿನವೇ ಅವಳು ಅವನನ್ನು ನಂಬುತ್ತಾಳೆ. ಇಷ್ಟು ಯೋಚಿಸಿದ ಮೇಲೆ ಅವನಿಗೆ ಸಿಟ್ಟು ನೆತ್ತಿಗೇರಿತು. ಎಲ್ಲರ ಮೇಲೂ ಬಂತು. ಅವಳ ಮೇಲೂ, ಅಳತೆಯವನ ಮೇಲೂ, ಗೋಡೆಗೆ ಒರಗಿ ಬಾಯಿ ತೆರೆದುಕೊಂಡು ನಿಂತಿದ್ದ ಆ ಕಾಲಿನ ಮೇಲೂ. ಸಿಟ್ಟಿನಲ್ಲೇ ಅದನ್ನು ತೊಟ್ಟು ಕುಂಟುತ್ತಾ ಹೋಗಿ ಬಾಟಲಿಯನ್ನು ಮೇಸ್ತ್ರಿಯ ಕೈಗೆ ಇಟ್ಟು ಬಂದ. ಹಾಳಾಗಬಾರದು ಎಂದು ಮೇಸ್ತ್ರಿ ಅದನ್ನು ಅವತ್ತೇ ಮುಗಿಸಿದ.

ಸೋಮವಾರ ಕಾರ್ಖಾನೆಯಲ್ಲಿ ಗರಗಸ ಇನ್ನೂ ಶುರುವಾಗಿರಲಿಲ್ಲ. ಪಾಲಿಷಿನವರು, ಬಡಗಿಗಳು, ಕ್ಯಾಷಿಯರ್, ಎಲ್ಲರೂ ಗೆರೆಯ ಎರಡೂ ಬದಿ ಸಾಲುಗಟ್ಟಿದ್ದರು. ಮೇಸ್ತ್ರಿ ದಾರ ಬಡಿದ. ನಡೆದ. ಎಂದಿನಂತೆ ಅವನ ನಡಿಗೆಯಲ್ಲಿ ಎಳ್ಳಷ್ಟೂ ಕುಂದಿರಲಿಲ್ಲ.

ಒಂದೂವರೆ ಗೇಟಿನ ಪಕ್ಕದ ಅರೆಬರೆ ಮಾಡಿಟ್ಟಿದ್ದ ಸ್ಟೂಲಿನ ಮೇಲೆ ಕೂತು ಪ್ಯಾಂಟಿನ ಕಾಲು ಮಡಿಸತೊಡಗಿದ. ಮಡಿಸಿ, ಪಟ್ಟಿ ಬಿಚ್ಚಿ, ಕೃತಕ ಕಾಲನ್ನು ಕಳಚಿ ಪಕ್ಕಕ್ಕೆ ನಿಲ್ಲಿಸಿದ. ಆಮೇಲೆ ಮೋಟುಗಾಲಿಗೆ ಸುತ್ತಿದ್ದನ್ನು ಬಿಚ್ಚಿದ. ಶಾಲಿನ ತುಂಡು ಬಂತು. ಸಾಕ್ಸ್ ಬಂತು. ಇನ್ನೊಂದು ಸಾಕ್ಸ್ ಬಂತು. ಬರುತ್ತಲೇ ಇತ್ತು. ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ಕೊನೆಗೆ ಬರಿಯ ಮೋಟುಗಾಲು ಕಂಡಾಗ ಸಾವ್ಕಾರರು ಮುಖ ತಿರುಗಿಸಿದರು. ಇಷ್ಟು ವರ್ಷ ಪಾಪ ಎಂದವರಾರೂ ಆ ಕಾಲನ್ನು ಹೀಗೆ ಬಟ್ಟೆಯಿಲ್ಲದೆ ನೋಡಿರಲಿಲ್ಲ.

“ಇದೆಲ್ಲ ಇಲ್ಲಿ ಯಾಕಯ್ಯಾ? ಹಾಕ್ಕೋ, ಹಾಕ್ಕೊಂಡು ನಡಿ.”

ಒಂದೂವರೆ ಬಲಗಾಲ ಬೂಟನ್ನೂ ಕಳಚಿ ಎದ್ದು ನಿಂತ. ಬಲಗಾಲ ಹೆಬ್ಬೆರಳನ್ನು ನೀಲಿ ಗೆರೆಯ ಮೇಲೆ ಇಟ್ಟ. ರಾತ್ರಿ ಕಾಲು ಬಿಚ್ಚಿಟ್ಟ ಮೇಲೆ ಮನೆಯಲ್ಲಿ ಅವನು ಓಡಾಡುವುದು ಒಂಟಿಗಾಲಲ್ಲೇ ತಾನೆ. ಕುಪ್ಪಳಿಸಿದ. ಮತ್ತೆ ಕುಪ್ಪಳಿಸಿದ. ಕೈಗಳು ಎರಡೂ ಬದಿಗೆ ಸ್ವಲ್ಪ ತೆರೆದಿದ್ದವು, ಉಸಿರು ಗಟ್ಟಿಯಾಗಿ ಬರುತ್ತಿತ್ತು, ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಹೆಬ್ಬೆರಳು ಮಾತ್ರ ಗೆರೆಯ ಮೇಲಿನ ಪುಡಿಯಲ್ಲೇ ಬೀಳುತ್ತಿತ್ತು. ಸಾವ್ಕಾರರ ಮೇಜು ಮುಟ್ಟಿ, ಅದರ ಅಂಚು ಹಿಡಿದು ನಿಂತ. ಅವನ ಹಿಂದೆ ಗೆರೆಯುದ್ದಕ್ಕೂ ಒಂದೇ ಪಾದದ ಗುರುತು ಸಾಲಾಗಿ ಮೂಡಿತ್ತು.

ಸಾವ್ಕಾರರು ಗೇಟಿನ ಬಳಿ ನಿಂತಿದ್ದ ಕಾಲಿನ ಕಡೆ ಬೆರಳು ತೋರಿಸಿದರು. “ಸರಿ, ಆದ್ರೆ ನಿಯಮ ಅಂದ್ರೆ ಕಾಲು ಹಾಕ್ಕೊಂಡು ನಡೀಬೇಕು.”

“ಸಾವ್ಕಾರ್ರೆ, ಕುಡಿದಿದ್ದು ನಾನು ಅಂತ ನಿಮ್ಮ ಅನುಮಾನವೋ, ಕಾಲು ಅಂತಲೋ? ನಾನಂತೂ ಬಂದೆ. ಅದು ಅಲ್ಲೇ ನಿಂತಿದೆ. ಅದರ ಪರೀಕ್ಷೆ ನೀವೇ ಮಾಡ್ಕೊಳ್ಳಿ.”

ಮೊದಲು ನಕ್ಕವನು ಕ್ಯಾಷಿಯರ್. ಆಮೇಲೆ ಇಡೀ ಕಾರ್ಖಾನೆ ನಕ್ಕಿತು. ಸಾವ್ಕಾರರಿಗೂ ನಗದೆ ವಿಧಿಯಿರಲಿಲ್ಲ. ಕೆಲಸ ಉಳಿಯಿತು. ಅವನು ಸ್ಟೂಲಿಗೆ ಮರಳಿ ಸಾಕ್ಸುಗಳನ್ನು ಒಂದೊಂದಾಗಿ ಹಾಕಿಕೊಂಡ.

ಸಂಜೆ ಗರಗಸ ನಿಂತ ಮೇಲೆ ಗೆಳೆಯರೆಲ್ಲ ಪಾಲಿಷ್ ಕೋಣೆಗೆ ನುಗ್ಗಿದರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು, ಅನುಮಾನಪಟ್ಟದ್ದಕ್ಕೆ ನಾಚಿಕೆಯೂ ಆಗಿತ್ತು. ಸಂತೋಷ, ನಾಚಿಕೆ ಎರಡನ್ನೂ ತೋರಿಸಲು ಅವರಿಗೆ ಗೊತ್ತಿದ್ದ ದಾರಿ ಒಂದೇ. ಮೇಸ್ತ್ರಿ ತಾನೇ ಲೋಟ ತುಂಬಿ ಅವನ ಮುಂದೆ ಹಿಡಿದ. ಕುಡಿಯದೆ ಇದ್ದದ್ದಕ್ಕೆ ಸನ್ಮಾನ.

“ಇಷ್ಟು ದಿನ ತಡ್ಕೊಂಡಿದ್ದೀಯ. ಗಂಡಸು ಅನ್ನಿಸ್ಕೊಂಡೆ. ಇವತ್ತೊಂದು ದಿನ ತಗೋ, ನಮ್ಮ ಖುಷಿಗೆ.”

“ಹೌದೌದು, ಪಾಪ, ತಗೋ” ಎಂದರು ಉಳಿದವರು.

ಲೋಟವನ್ನು ಒಂದೂವರೆ ನೋಡಿದ. ಬೆಳಿಗ್ಗೆ ಇಡೀ ಗೆರೆಯ ಮೇಲೆ ಕುಪ್ಪಳಿಸಿ ಬಂದದ್ದಕ್ಕಿಂತ ಈ ಒಂದು ಮೊಳ ದೂರ ಕಷ್ಟವಾಗಿ ಕಂಡಿತು.

“ನಾನು ಊದ್ಕೊಂಡ್ರೆ ಈ ಕಾಲಿಗೆ ಸರಿಹೋಗ್ತೀನಿ ಭಾವ. ನಿಮಗೆಲ್ಲಾರಿಗೂ ಸರಿಹೋಗ್ತೀನಿ. ನನಗೇ ಸರಿಹೋಗಲ್ಲ, ಅಷ್ಟೇ.”

ಅವರಿಗೆ ಅದು ಅರ್ಥವಾಗಲಿಲ್ಲ. ಸೊಕ್ಕು ಎಂದುಕೊಂಡರು. ಲೋಟ ಹಿಂದೆ ಹೋಯಿತು, ಮೇಸ್ತ್ರಿಯೇ ಕುಡಿದ. ಆಮೇಲೆ ಬಾಟಲಿಯಲ್ಲಿ ಉಳಿದದ್ದನ್ನೂ ಕುಡಿದು, ಎಷ್ಟಾದರೂ ಭಾವಮೈದುನ ಎಂದು ಮನೆಯವರೆಗೆ ಬಿಟ್ಟುಬರಲು ಹೊರಟ.

ಬೀದಿಯಲ್ಲಿ ಇಬ್ಬರೂ ಜೊತೆಯಾಗಿ ನಡೆದರು. ಮೇಸ್ತ್ರಿ ನೆಟ್ಟಗೆ, ಎದೆ ಮುಂದೆ ಮಾಡಿ. ಒಂದೂವರೆ ಒಂದು ಹೆಜ್ಜೆ ಮುಂದೆ ಹೋದರೆ ಅರ್ಧ ಹೆಜ್ಜೆ ಪಕ್ಕಕ್ಕೆ ಹೋಗಿ, ಗೋಡೆಗೆ ಕೈ ಕೊಟ್ಟು. ಎದುರಿಗೆ ಬಂದ ಹೆಂಗಸೊಬ್ಬಳು ಮಗುವನ್ನು ಪಕ್ಕಕ್ಕೆ ಎಳೆದುಕೊಂಡಳು. ಮುಪ್ಪಿನ ಮನುಷ್ಯನೊಬ್ಬ ನಿಂತು, ಮೇಸ್ತ್ರಿಗೆ, “ಹುಷಾರಾಗಿ ಹಿಡ್ಕೊಂಡು ಹೋಗಪ್ಪಾ, ತುಂಬಾ ಆಗಿರೋ ಹಾಗಿದೆ ಅವನಿಗೆ” ಎಂದ.

ಮೇಸ್ತ್ರಿ ಒಂದೂವರೆಯ ತೋಳು ಹಿಡಿದು ನಿಟ್ಟುಸಿರುಬಿಟ್ಟ. “ಏನು ಮಾಡೋದು ಸ್ವಾಮಿ, ನಮ್ಮ ತಂಗಿ ಹಣೆಬರಹ.”

ಆ ತಂಗಿ ಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಾಲ ಬಳಿ ತುಂಬಿ ಕಟ್ಟಿದ ಬಟ್ಟೆಯ ಚೀಲವೊಂದಿತ್ತು. ಕಾರ್ಖಾನೆಯಲ್ಲಿ ಬೆಳಿಗ್ಗೆ ಆದದ್ದು ಇಸ್ತ್ರಿ ಅಂಗಡಿಯವರೆಗೆ ಬಂದಿತ್ತೋ ಇಲ್ಲವೋ ಎಂದು ಒಂದೂವರೆಗೆ ಗೊತ್ತಿರಲಿಲ್ಲ. ಅವಳು ತೂರಾಡಿಕೊಂಡು ಬರುತ್ತಿದ್ದ ಗಂಡನನ್ನು ನೋಡಿದಳು. ನೆಟ್ಟಗೆ ಬರುತ್ತಿದ್ದ ಅಣ್ಣನನ್ನು ನೋಡಿದಳು.

“ಅಣ್ಣ,” ಎಂದಳು, “ಒಂದು ಕಾಲು ಎತ್ತಿ ನಿಂತ್ಕೋ ನೋಡೋಣ.”

“ಏನು?”

“ಇವರು ಒಂದೇ ಕಾಲಲ್ಲಿ ಗೆರೆ ಮೇಲೆ ಬಂದ್ರಂತೆ. ನೀನು ಸುಮ್ನೆ ನಿಂತ್ಕೋ, ಸಾಕು.”

ಮೇಸ್ತ್ರಿ ನಕ್ಕ. ತಂಗಿ ನಗಲಿಲ್ಲ. ಅವನು ಅಂಗಿ ಸರಿಪಡಿಸಿಕೊಂಡು, ಎದೆ ಮುಂದೆ ಮಾಡಿ, ಎಡಗಾಲನ್ನು ಎತ್ತಿದ. ಎತ್ತಿದ್ದೇ ತಡ, ಇಷ್ಟು ವರ್ಷ ದಾರದ ಮೇಲೆ ತಪ್ಪದ ಆ ದೇಹ ಎತ್ತಲೋ ವಾಲಿ, ಗಾಳಿಯನ್ನು ಹಿಡಿಯಲು ಹೋಗಿ, ಚರಂಡಿಯ ಪಕ್ಕದಲ್ಲಿ ಧೊಪ್ಪೆಂದು ಕುಕ್ಕರಿಸಿತು. ಅವನನ್ನು ಎಬ್ಬಿಸಲು ಒಂದೂವರೆ ಬಗ್ಗಿದ.

“ನೀವು ಬಿಡಿ” ಎಂದಳು ಹೆಂಡತಿ. ಚೀಲವನ್ನು ಎತ್ತಿ ಕಂಕುಳಿಗೆ ಸೇರಿಸಿಕೊಂಡು, ಇನ್ನೊಂದು ಕೈಯನ್ನು ಅವನ ಕಡೆ ಚಾಚಿದಳು. “ಬನ್ನಿ ಒಳಗೆ. ಆ ಬಟ್ಟಲು ಒತ್ತಿ ಒತ್ತಿ ಗಾಯ ಆಗಿರುತ್ತೆ, ನೋಡ್ತೀನಿ.”